ಓದುಗರ ಪ್ರಶ್ನೆ: ಭಕ್ತರನ್ನೇ ನಂಬಿಕೊಂಡ ದೇವರುಗಳು

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಯುದ್ಧದ ನಿಯಮಗಳ ಕುರಿತೇ ಹೆಚ್ಚು ಪತ್ರಗಳು ಬರುತ್ತವೆ ಎಂದುಕೊಂಡಿದ್ದೆವು, ಆದರೆ ಬಹುಪಾಲು ಓದುಗರು ದೇವರುಗಳ ಬಗ್ಗೆ ಕೇಳಿದ್ದಾರೆ. ಆಟದ ಪರಿಚಯ ಇಲ್ಲದವರಿಗಾಗಿ ಇಷ್ಟು ಹೇಳಬಹುದು: ಇದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ, ಮೇಜಿನ ಸುತ್ತ ಕುಳಿತು ಆಡುವ ಆಟ. ಡಂಜನ್ ಮಾಸ್ಟರ್, ಅಂದರೆ ಡಿಎಂ, ಕಥೆಯನ್ನು ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ. ಏನಾಗುತ್ತದೆ ಎಂಬುದು ಖಚಿತವಿಲ್ಲದ ಕಡೆ ದಾಳ ತೀರ್ಮಾನಿಸುತ್ತದೆ. ಕ್ಲೆರಿಕ್ ಎಂಬುದು ದೇವರೊಬ್ಬರ ಸೇವೆಗೆ ನಿಂತು ಅವರಿಂದ ಮಂತ್ರಶಕ್ತಿಯನ್ನು ಪಡೆಯುವ ಪಾತ್ರ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಕೆನಡಾದ ಎಡ್ ಗ್ರೀನ್‌ವುಡ್ ಕಲ್ಪಿಸಿದ, 1987ರಲ್ಲಿ ಆಟದ ಭಾಗವಾಗಿ ಪ್ರಕಟವಾದ ಫರ್ಗಾಟನ್ ರೆಲ್ಮ್ಸ್ ಲೋಕಕ್ಕೆ ಸಂಬಂಧಿಸಿವೆ.

ಪ್ರಶ್ನೆ: ನಾನು ಕಂಪ್ಯೂಟರಿನಲ್ಲಿ ಬಾಲ್ಡರ್ಸ್ ಗೇಟ್ 3 ಆಡುತ್ತಿದ್ದೇನೆ. ಕ್ಲೆರಿಕ್ ಪಾತ್ರ ಮಾಡುವಾಗ ದೇವರನ್ನು ಆರಿಸಲೇಬೇಕು. ಆದರೆ ಯಾವ ದೇವರನ್ನು ಆರಿಸಿದರೂ ಮಂತ್ರಗಳು ಹೆಚ್ಚುಕಡಿಮೆ ಅವೇ. ವಿಝರ್ಡ್ ಕೂಡ ಮಂತ್ರ ಹಾಕುತ್ತಾನೆ. ಹಾಗಾದರೆ ದೇವರ ಪಾಲು ಏನು? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಫರ್ಗಾಟನ್ ರೆಲ್ಮ್ಸ್‌ನಲ್ಲಿ ಎಲ್ಲ ಮಂತ್ರಶಕ್ತಿಯೂ ವೀವ್ ಎಂಬ ಅದೃಶ್ಯ ನೇಯ್ಗೆಯ ಮೂಲಕವೇ ಹರಿಯುತ್ತದೆ, ಮತ್ತು ಆ ನೇಯ್ಗೆ ಮಿಸ್ಟ್ರಾ ಎಂಬ ದೇವತೆಯ ಅಧೀನದಲ್ಲಿದೆ. ವಿಝರ್ಡ್ ಓದಿ ಕಲಿತು ನೇರವಾಗಿ ಅದಕ್ಕೆ ಕೈಹಾಕುತ್ತಾನೆ. ಆದ್ದರಿಂದಲೇ ಅವನಿಗೆ ಮಂತ್ರಗಳ ಪುಸ್ತಕ ಬೇಕು, ಬುದ್ಧಿಶಕ್ತಿಯ ಅಂಕ ಬೇಕು. ಕ್ಲೆರಿಕ್‌ಗೆ ಪುಸ್ತಕವಿಲ್ಲ. ಅವನ ಪರವಾಗಿ ದೇವರೇ ವೀವ್‌ಗೆ ಕೈಹಾಕುವುದರಿಂದ, ಅವನು ರಾತ್ರಿಯ ವಿಶ್ರಾಂತಿಯ ನಂತರ ಪ್ರಾರ್ಥಿಸಿ, ತನ್ನ ಹಂತಕ್ಕೆ, ಅಂದರೆ ಅನುಭವ ಬೆಳೆದಂತೆ ಪಾತ್ರ ಏರುವ ಮೆಟ್ಟಿಲಿಗೆ, ದಕ್ಕುವ ಇಡೀ ಪಟ್ಟಿಯಿಂದ ಆ ದಿನಕ್ಕೆ ಬೇಕಾದ ಮಂತ್ರಗಳನ್ನು ಸಿದ್ಧಪಡಿಸಿಕೊಳ್ಳಬಹುದು. ನೀವು ಆಡುತ್ತಿರುವ ಆಟದಲ್ಲಿ ದೇವರ ಆಯ್ಕೆಯ ಪರಿಣಾಮ ಮುಖ್ಯವಾಗಿ ಸಂಭಾಷಣೆಯಲ್ಲಿ ಕಾಣಿಸುತ್ತದೆ. ಶಕ್ತಿಗಳನ್ನು ನಿಜವಾಗಿ ಬದಲಿಸುವುದು ಡೊಮೇನ್, ಅಂದರೆ ಜೀವ, ಬೆಳಕು, ಯುದ್ಧ, ವಂಚನೆ ಮುಂತಾದ ಕ್ಷೇತ್ರದ ಆಯ್ಕೆ. ನಿಮ್ಮ ಜೊತೆಗಾರ್ತಿ ಶ್ಯಾಡೋಹಾರ್ಟ್ ಕತ್ತಲೆಯ ದೇವತೆ ಶಾರ್‌ಳ ಸೇವಕಿ, ಅವಳ ಡೊಮೇನ್ ವಂಚನೆ. ಅವಳ ಮಂತ್ರಗಳ ಪಟ್ಟಿಗಿಂತ, ಶಾರ್ ತನ್ನ ಸಹೋದರಿಯಾದ ಚಂದ್ರದೇವತೆ ಸೆಲೂನೆಯನ್ನು ದ್ವೇಷಿಸುವ ರೀತಿ ಕಥೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಿದರೆ ದೇವರ ಪಾಲು ಎಲ್ಲಿದೆ ಎಂದು ತಿಳಿಯುತ್ತದೆ.

ಮೊದಲಿನಿಂದಲೂ ಹೀಗಿರಲಿಲ್ಲ. ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯ ಪಾತ್ರ ಯಾರಿಗೂ ಬಗ್ಗದಷ್ಟು ಬಲಿತಾಗ ಅವನಿಗೆ ಎದುರಾಳಿಯಾಗಿ ಹುಟ್ಟಿದ ಪಾತ್ರವೇ ಕ್ಲೆರಿಕ್. ಆಗ ಶಿಲುಬೆ ಹಿಡಿದು ಪಿಶಾಚಿಯನ್ನು ಹಿಮ್ಮೆಟ್ಟಿಸುವುದು ಮುಖ್ಯವಾಗಿತ್ತೇ ಹೊರತು ಯಾವ ದೇವರು ಎಂಬುದು ಮುಖ್ಯವಾಗಿರಲಿಲ್ಲ. 1974ರ ನಿಯಮಗಳಲ್ಲಿ ಮೊದಲ ಹಂತದ ಕ್ಲೆರಿಕ್‌ಗೆ ಒಂದು ಮಂತ್ರವೂ ಇರಲಿಲ್ಲ. 1979ರಲ್ಲಿ ಗೈಗ್ಯಾಕ್ಸ್ ಬರೆದ ಡಿಎಂ ಕೈಪಿಡಿಯಲ್ಲಿ ಒಂದು ಸೊಗಸಾದ ವ್ಯವಸ್ಥೆ ಬಂತು: ಮೊದಲೆರಡು ಮಟ್ಟದ ಮಂತ್ರಗಳು ಕ್ಲೆರಿಕ್‌ನ ಸ್ವಂತ ಶಿಕ್ಷಣ ಮತ್ತು ನಿಷ್ಠೆಯ ಫಲ, ಮೂರರಿಂದ ಐದನೆಯ ಮಟ್ಟದವು ದೇವರ ಪರಿವಾರದ ದೂತರ ಮೂಲಕ ಸಿಗುವಂಥವು, ಆರು ಮತ್ತು ಏಳನೆಯ ಮಟ್ಟದವನ್ನು ದೇವರೇ ಎದುರಾಗಿ ಕೊಡಬೇಕು. ಸಣ್ಣ ತಪ್ಪು ಮಾಡಿದವನಿಗೆ ದೂತನೇ ಗದರಬಹುದು, ಆದರೆ ದೊಡ್ಡ ಮಂತ್ರ ಬೇಕೆಂದರೆ ದೇವರ ಮುಖ ನೋಡಿ ಕೇಳಬೇಕು. ಮುಂದಿನ ಆವೃತ್ತಿಗಳು ಇದನ್ನು ಕೈಬಿಟ್ಟವು. ಆಟ ಸರಾಗವಾಯಿತು, ಆದರೆ ದೇವರಿಗೂ ಭಕ್ತನಿಗೂ ನಡುವೆ ಇದ್ದ ಆ ಮೆಟ್ಟಿಲುಗಳು ಕಾಣದಾದವು ಎಂಬುದು ನನ್ನ ಕೊರಗು.

ಪ್ರಶ್ನೆ: ಈ ಲೋಕದ ದೇವರುಗಳಿಗೆ ಭಕ್ತರು ಕಡಿಮೆಯಾದರೆ ಶಕ್ತಿಯೂ ಕಡಿಮೆಯಾಗುತ್ತದೆ ಎಂದು ಓದಿದೆ. ದೇವರಿಗೆ ಭಕ್ತ ಏಕೆ ಬೇಕು? ದೇವರನ್ನೇ ನಂಬದವರ ಗತಿ ಏನು? (ಶಿವಮೊಗ್ಗದ ಉಪನ್ಯಾಸಕಿ)

ಉತ್ತರ: ಬಂದ ಪತ್ರಗಳಲ್ಲಿ ಇದೇ ಅತ್ಯಂತ ತೂಕದ ಪ್ರಶ್ನೆ, ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಫರ್ಗಾಟನ್ ರೆಲ್ಮ್ಸ್ ಲೋಕದ ಕಾಲಗಣನೆಯ 1358ನೆಯ ವರ್ಷದಲ್ಲಿ ಬೇನ್ ಮತ್ತು ಮಿರ್ಕುಲ್ ಎಂಬ ಇಬ್ಬರು ದೇವರುಗಳು, ಎಲ್ಲ ದೇವರುಗಳ ಹೊಣೆಗಳನ್ನು ಬರೆದಿಟ್ಟ ವಿಧಿಯ ಫಲಕಗಳನ್ನು ಕದಿಯುತ್ತಾರೆ. ಎಲ್ಲ ದೇವರುಗಳಿಗೂ ಮೇಲಿನವನಾದ, ಯಾರ ಪೂಜೆಯನ್ನೂ ಬಯಸದ ಏಯೋ ಸಿಟ್ಟಿಗೆದ್ದು, ಕಾವಲಿನ ದೇವರು ಹೆಲ್ಮ್ ಒಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಭೂಮಿಗೆ ತಳ್ಳುತ್ತಾನೆ. ಅವರು ಮನುಷ್ಯರಂತೆ ನಡೆದಾಡುತ್ತಾರೆ, ಗಾಯಗೊಳ್ಳುತ್ತಾರೆ, ಸಾಯುತ್ತಾರೆ. ಅಪ್ಪಣೆಯಿಲ್ಲದೆ ಸ್ವರ್ಗದ ಮೆಟ್ಟಿಲೇರಲು ಹೋದ ಮಿಸ್ಟ್ರಾಳನ್ನು ಹೆಲ್ಮ್ ಕೊಲ್ಲುತ್ತಾನೆ. ವೀವ್ ಅನಾಥವಾಗಿ ವಿಝರ್ಡ್‌ಗಳ ಮಂತ್ರಗಳು ಹುಚ್ಚೆದ್ದು ಏನೇನೋ ಆಗುತ್ತವೆ. ಕ್ಲೆರಿಕ್‌ಗಳಿಗಂತೂ ತಮ್ಮ ದೇವರ ಅವತಾರ ಹತ್ತಿರದಲ್ಲಿದ್ದರಷ್ಟೇ ಮಂತ್ರ ದಕ್ಕುತ್ತದೆ. ಎಲ್ಲ ಮುಗಿದ ಮೇಲೆ ಮಿಡ್‌ನೈಟ್ ಎಂಬ ಮಾನವ ಮಾಂತ್ರಿಕೆ ಹೊಸ ಮಿಸ್ಟ್ರಾ ಆಗುತ್ತಾಳೆ, ಸಿರಿಕ್ ಎಂಬ ಕಳ್ಳ ಸತ್ತ ದೇವರುಗಳ ಅಧಿಕಾರವನ್ನು ಬಾಚಿಕೊಳ್ಳುತ್ತಾನೆ. ದೇವರುಗಳು ತಮ್ಮ ಭಕ್ತರನ್ನು ಮರೆತು ಅಧಿಕಾರದ ಆಟದಲ್ಲಿ ಮುಳುಗಿದ್ದೇ ಈ ಅನಾಹುತಕ್ಕೆ ಕಾರಣ ಎಂದು ತೀರ್ಮಾನಿಸಿದ ಏಯೋ, ಇನ್ನು ಮುಂದೆ ಪ್ರತಿ ದೇವರ ಶಕ್ತಿಯೂ ಭಕ್ತರ ಸಂಖ್ಯೆ ಮತ್ತು ನಿಷ್ಠೆಗೆ ಅನುಗುಣವಾಗಿರಬೇಕು ಎಂದು ವಿಧಿಸುತ್ತಾನೆ.

ಇದರ ಹಿಂದೆ ಒಂದು ಲೌಕಿಕ ಕಾರಣವೂ ಇತ್ತು. 1989ರಲ್ಲಿ ಆಟದ ಎರಡನೆಯ ಆವೃತ್ತಿ ಬಂತು. ನಿಯಮಗಳು ಬದಲಾದದ್ದಕ್ಕೆ ಲೋಕದೊಳಗೇ ಒಂದು ಕಾರಣ ಒದಗಿಸಬೇಕಾದ ಪ್ರಕಾಶಕರು ಈ ಪ್ರಳಯವನ್ನು ಕಾದಂಬರಿಗಳ ರೂಪದಲ್ಲಿ ತಂದರು. ಹೊಸ ನಿಯಮಗಳಲ್ಲಿ ಅಸ್ಯಾಸಿನ್, ಅಂದರೆ ಗುಪ್ತ ಹಂತಕ, ಎಂಬ ಪಾತ್ರವರ್ಗವನ್ನು ಕೈಬಿಟ್ಟಿದ್ದರು. ಕೊಲೆಯ ದೇವರು ಬಾಲ್‌ನ ಆಶ್ರಯದಲ್ಲಿದ್ದ ಅಸ್ಯಾಸಿನ್‌ಗಳೆಲ್ಲರೂ ಕಥೆಯಲ್ಲಿಯೂ ಸತ್ತುಹೋದರು. ಅನಂತರ ಬಾಲ್ ತಾನೂ ಸಿರಿಕ್‌ನ ಕೈಯಲ್ಲಿ ಸತ್ತ. ತನ್ನ ಸಾವನ್ನು ಮೊದಲೇ ಊಹಿಸಿ ಅವನು ಮನುಷ್ಯರಲ್ಲಿ ಪಡೆದಿದ್ದ ಮಕ್ಕಳ ಕಥೆಯೇ 1998ರ ಮೊದಲ ಬಾಲ್ಡರ್ಸ್ ಗೇಟ್. ಮುದ್ರಣಾಲಯದ ಅಗತ್ಯಕ್ಕೆ ಕೊಂದ ದೇವರೊಬ್ಬ ಇಷ್ಟು ಫಲ ಕೊಟ್ಟ ಉದಾಹರಣೆ ಬೇರೆ ಇರಲಾರದು.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಏಯೋನ ಕಟ್ಟಳೆಯ ನಂತರ ಈ ಲೋಕದಲ್ಲಿ ಭಕ್ತನಿಗೆ ದೇವರು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ದೇವರಿಗೆ ಭಕ್ತ ಬೇಕು. ಕ್ಲೆರಿಕ್‌ನ ಮಂತ್ರವನ್ನು ಈ ದೃಷ್ಟಿಯಿಂದ ನೋಡಿದರೆ ಅದು ಅನುಗ್ರಹಕ್ಕಿಂತ ಹೂಡಿಕೆಗೆ ಹತ್ತಿರವಾದದ್ದು: ಒಬ್ಬ ಕ್ಲೆರಿಕ್ ಒಂದು ಹಳ್ಳಿಯ ಜ್ವರವನ್ನು ವಾಸಿ ಮಾಡಿದರೆ ಆ ಹಳ್ಳಿಯ ಪ್ರಾರ್ಥನೆ ದೇವರ ಖಾತೆಗೆ ಜಮೆಯಾಗುತ್ತದೆ. ಸಾಮಾನ್ಯ ಜನ ಒಬ್ಬನೇ ದೇವರಿಗೆ ಕಟ್ಟುಬಿದ್ದವರೂ ಅಲ್ಲ. ಬಿತ್ತನೆಗೆ ಮುಂಚೆ ಬೆಳೆಯ ದೇವತೆ ಚಾಂಟಿಯಾಳನ್ನು ನೆನೆಯುವ ರೈತನೇ ಸಮುದ್ರ ದಾಟಬೇಕಾದಾಗ, ಪ್ರೀತಿಯಿಂದಲ್ಲ, ಭಯದಿಂದ, ಕಡಲ ದೇವತೆ ಅಂಬರ್ಲೀಗೆ ಕಾಣಿಕೆ ಎಸೆಯುತ್ತಾನೆ. ಅಂಬರ್ಲೀ ಕ್ರೂರಿ, ಆದರೆ ಅವಳ ಲೆಕ್ಕದಲ್ಲಿ ಹೆದರಿ ಮಾಡಿದ ಪೂಜೆಯೂ ಪೂಜೆಯೇ.

ಇಂಥ ವ್ಯವಸ್ಥೆಯಲ್ಲಿ ಯಾವ ದೇವರನ್ನೂ ನಂಬದವನು ಎಲ್ಲ ದೇವರುಗಳಿಗೂ ನಷ್ಟ. ಆದ್ದರಿಂದ ಸತ್ತವರ ಲೋಕದಲ್ಲಿ ಒಂದು ಗೋಡೆಯಿದೆ. ನಂಬಿಕೆಯಿಲ್ಲದೆ ಸತ್ತವರ ಆತ್ಮಗಳನ್ನು ಆ ಗೋಡೆಗೆ ಇಟ್ಟಿಗೆಯಂತೆ ಸೇರಿಸುತ್ತಾರೆ. ನಿಧಾನವಾಗಿ ಅವು ಕರಗಿಹೋಗುತ್ತವೆ. ಬದುಕಿನುದ್ದಕ್ಕೂ ಸಜ್ಜನನಾಗಿದ್ದವನಿಗೂ ರಿಯಾಯಿತಿ ಇಲ್ಲ. 2007ರಲ್ಲಿ ಬಂದ ಮಾಸ್ಕ್ ಆಫ್ ದಿ ಬಿಟ್ರೇಯರ್ ಎಂಬ ಕಂಪ್ಯೂಟರ್ ಆಟ ಈ ಗೋಡೆಯ ಅನ್ಯಾಯವನ್ನೇ ಕಥಾವಸ್ತು ಮಾಡಿಕೊಂಡಿತು. 2020ರಲ್ಲಿ ಪ್ರಕಾಶಕರು ತಮ್ಮ ಐದನೆಯ ಆವೃತ್ತಿಯ ಪುಸ್ತಕವೊಂದರಲ್ಲಿದ್ದ ಗೋಡೆಯ ಪ್ರಸ್ತಾಪವನ್ನು ತಿದ್ದುಪಡಿಯ ಮೂಲಕ ಸದ್ದಿಲ್ಲದೆ ತೆಗೆದುಹಾಕಿದರು. ನನ್ನ ಅಭಿಪ್ರಾಯದಲ್ಲಿ ಅದನ್ನು ತೆಗೆಯಬಾರದಿತ್ತು. ಗೋಡೆ ಅಸಹ್ಯ, ನಿಜ. ಆದರೆ ಭಕ್ತಿಯಿಂದ ಹೊಟ್ಟೆ ಹೊರೆಯುವ ದೇವರುಗಳು ಎಲ್ಲಿಯವರೆಗೆ ಹೋಗಬಲ್ಲರು ಎಂಬುದನ್ನು ಆ ಲೋಕ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಜಾಗ ಅದೊಂದೇ. ಸಿರಿಕ್‌ನ ನಂತರ ಮೃತರ ದೇವರಾದ ಕೆಲೆಮ್ವೋರ್ ಹಿಂದೆ ಮನುಷ್ಯನೇ ಆಗಿದ್ದವನು. ಅವನು ಸತ್ತವರ ನಡತೆಯನ್ನು ನೋಡಿ, ಒಳ್ಳೆಯವರಿಗೆ ಕರುಣೆ ತೋರಿ ತೀರ್ಪು ಕೊಡಲಾರಂಭಿಸಿದಾಗ, ಒಳ್ಳೆಯವರು ಸಾವಿಗೆ ಹೆದರುವುದನ್ನೂ ತಮ್ಮ ದೇವರುಗಳಿಗೆ ಮೊರೆಯಿಡುವುದನ್ನೂ ಕಡಿಮೆ ಮಾಡಿದರು ಎಂಬ ದೂರು ಉಳಿದ ದೇವರುಗಳಿಂದ ಬಂತು. ಕೊನೆಗೆ ಅವನು ಕರುಣೆಯನ್ನು ಬಿಟ್ಟು ನಿರ್ಲಿಪ್ತ ನ್ಯಾಯಾಧೀಶನಾಗಬೇಕಾಯಿತು. ಆಟದ ದೇವರುಗಳ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಕಹಿಯಾದ, ಇಷ್ಟು ತರ್ಕಬದ್ಧವಾದ ಪ್ರಸಂಗ ಇನ್ನೊಂದಿಲ್ಲ.

ಪ್ರಶ್ನೆ: ಸತ್ತವರನ್ನು ಬದುಕಿಸುವ ಮಂತ್ರ ಇರುವಾಗ ಆ ಲೋಕದಲ್ಲಿ ರಾಜರು ಏಕೆ ಸಾಯುತ್ತಾರೆ? (ಬಳ್ಳಾರಿಯ ಓದುಗ)

ಉತ್ತರ: ಮಂತ್ರದ ಜೊತೆ ವಜ್ರವೂ ಬೇಕು. 2014ರ ನಿಯಮಗಳಲ್ಲಿ, ಸತ್ತು ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಸಾಕು, ಹತ್ತು ದಿನದೊಳಗಾದರೆ 500, ನೂರು ವರ್ಷದೊಳಗಾದರೆ 1,000, ಇನ್ನೂರು ವರ್ಷದೊಳಗೆ ದೇಹವೇ ಇಲ್ಲದೆ ಎಬ್ಬಿಸಬೇಕಾದರೆ 25,000. ಪ್ರತಿ ಸಲವೂ ಆ ವಜ್ರ ನಾಶವಾಗುತ್ತದೆ. ರಾಜನಿಗೆ ಇದು ದೊಡ್ಡ ಮಾತಲ್ಲ. ಆದರೆ ಮುಪ್ಪಿನಿಂದ ಸತ್ತವನನ್ನು ಈ ಮಂತ್ರಗಳಲ್ಲಿ ಹೆಚ್ಚಿನವು ಎಬ್ಬಿಸಲಾರವು, ಮತ್ತು ಮರಳಿ ಬರಲು ಆತ್ಮಕ್ಕೆ ಮನಸ್ಸಿರಬೇಕು. ತನ್ನ ದೇವರ ಸನ್ನಿಧಿಯಲ್ಲಿ ನೆಮ್ಮದಿಯಾಗಿರುವ ರಾಜ ಮಕ್ಕಳ ಜಗಳದ ನಡುವೆ ವಾಪಸು ಬರಲು ಒಪ್ಪುತ್ತಾನೆಯೇ ಎಂಬುದನ್ನು ನಿಮ್ಮ ಡಿಎಂ ಅವರನ್ನೇ ಕೇಳಿ ನೋಡಿ.

ಪ್ರಶ್ನೆ: ಈ ಆಟದ ಹಳೆಯ ಪುಸ್ತಕವೊಂದರಲ್ಲಿ ಇಂದ್ರ, ಅಗ್ನಿ ಮುಂತಾದವರಿಗೆ ಹಿಟ್ ಪಾಯಿಂಟ್ ಕೊಟ್ಟಿದ್ದಾರೆ ಎಂದು ಗೆಳೆಯರು ಹೇಳಿದರು. ನಿಜವೇ? (ಉಡುಪಿಯ ಓದುಗ)

ಉತ್ತರ: ನಿಜ. 1976ರ ಒಂದು ಕಿರುಪುಸ್ತಕದಲ್ಲಿಯೂ, ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಸ್ ಬರೆದ 1980ರ ಡೀಟೀಸ್ ಅಂಡ್ ಡೆಮಿಗಾಡ್ಸ್ ಎಂಬ ಪುಸ್ತಕದಲ್ಲಿಯೂ ಭಾರತದ ದೇವತೆಗಳಿಗೆ ಒಂದು ಅಧ್ಯಾಯವಿತ್ತು. ಗ್ರೀಕ್, ಈಜಿಪ್ಟ್, ನಾರ್ಸ್ ದೇವರುಗಳಿಗೆ ಇದ್ದಂತೆಯೇ ನಮ್ಮವರಿಗೂ ಎಷ್ಟು ಪೆಟ್ಟು ತಾಳಬಲ್ಲರು ಎಂಬ ಅಂಕಿಯನ್ನು ಕೊಟ್ಟಿದ್ದರು. ಇದರ ಹಿನ್ನೆಲೆ ಸ್ವಾರಸ್ಯಕರ. 1976ರ ಪುಸ್ತಕದ ಮುನ್ನುಡಿಯಲ್ಲಿ ಸಂಪಾದಕ ಟಿಮ್ ಕ್ಯಾಸ್ಕ್ ಹೇಳಿದ್ದರ ಸಾರವೆಂದರೆ, ಎಗ್ಗಿಲ್ಲದೆ ವರಗಳನ್ನು ಹಂಚಿ ಆಟಗಾರರನ್ನು ನಲವತ್ತನೆಯ ಹಂತಕ್ಕೂ ಮೇಲೇರಿಸುವ ಡಿಎಂಗಳಿಗೆ ನಾಚಿಕೆಯಾಗಲಿ ಎಂದೇ ಈ ಅಂಕಿಗಳು. ನಾರ್ಸ್ ದೇವರುಗಳ ಒಡೆಯ ಓಡಿನ್‌ನಂಥವನಿಗೇ 300 ಹಿಟ್ ಪಾಯಿಂಟ್ ಎಂದಾಗ ನಿಮ್ಮ ವೀರನನ್ನು ಯಾರು ಲಕ್ಷಿಸುತ್ತಾರೆ ಎಂಬ ವ್ಯಂಗ್ಯ. ಆದರೆ ಅಂಕಿಯನ್ನು ಕೊಟ್ಟ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ಇಂಥ ಪುಸ್ತಕಗಳನ್ನು ಕೊಲ್ಲಬೇಕಾದವರ ಪಟ್ಟಿಯಂತೆ ಬಳಸಿದವರೂ ಇದ್ದರು.

ಬೇಸರ ಪಡಬೇಕಾದದ್ದು ಅಂಕಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ. ಇಂದಿಗೂ ಮನೆಮನೆಯಲ್ಲಿ ಪೂಜೆಗೊಳ್ಳುವ ದೇವರುಗಳನ್ನೂ, ಪೂಜೆ ನಿಂತು ಶತಮಾನಗಳಾದ ದೇವರುಗಳನ್ನೂ ಆ ಪುಸ್ತಕಗಳು ಒಂದೇ ತಕ್ಕಡಿಯಲ್ಲಿಟ್ಟವು. ಆಧುನಿಕ ಪ್ರಕಾಶಕರು ಇದನ್ನು ಅರಿತಂತೆ ಕಾಣುತ್ತದೆ: 2014ರ ಆಟಗಾರರ ಕೈಪಿಡಿಯ ಅನುಬಂಧದಲ್ಲಿ ಕೆಲ್ಟಿಕ್, ಗ್ರೀಕ್, ಈಜಿಪ್ಟ್, ನಾರ್ಸ್ ದೇವರುಗಳಿದ್ದಾರೆ, ಭಾರತದವರಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗೆಳೆಯರಿಗೆ ಆಟ ನಡೆಸುತ್ತೇನೆ. ಕರುಣೆಯ ದೇವರ ಕ್ಲೆರಿಕ್ ಆಗಿರುವ ಆಟಗಾರರೊಬ್ಬರು ಸೆರೆಯಾಳುಗಳನ್ನು ಕೊಲ್ಲಿಸುತ್ತಾರೆ. ಅವರ ಮಂತ್ರಶಕ್ತಿಯನ್ನು ಕಿತ್ತುಕೊಳ್ಳಬಹುದೇ? (ಹೊಸ ಡಿಎಂ)

ಉತ್ತರ: 2000ದ ಮೂರನೆಯ ಆವೃತ್ತಿಯಲ್ಲಿ ಇದಕ್ಕೆ ಸ್ಪಷ್ಟ ನಿಯಮವಿತ್ತು: ದೇವರ ಕಟ್ಟಳೆಯನ್ನು ಘೋರವಾಗಿ ಮುರಿದ ಕ್ಲೆರಿಕ್ ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ಎಲ್ಲ ಮಂತ್ರಗಳನ್ನೂ ಕಳೆದುಕೊಳ್ಳುತ್ತಿದ್ದ. ಈಗ ನಿರ್ಧಾರ ನಿಮ್ಮದು. ಆದರೆ ಒಮ್ಮೆಲೇ ಕಿತ್ತುಕೊಳ್ಳಬೇಡಿ. ಅದು ದೇವರ ಕೋಪದಂತೆ ಕಾಣದೆ ಡಿಎಂ ಕೋಪದಂತೆ ಕಾಣುತ್ತದೆ. ಮೊದಲು ಕನಸು, ಅಪಶಕುನ, ಗುಡಿಯ ಹಿರಿಯರಿಂದ ಕರೆ. ನಂತರ ಒಂದು ದಿನ, ಗಾಯ ವಾಸಿ ಮಾಡುವ ಒಂದೇ ಒಂದು ಮಂತ್ರ ಬೆಳಗಿನ ಪ್ರಾರ್ಥನೆಗೆ ಸಿಗದಿರಲಿ. ಇದಕ್ಕಿಂತ ಸ್ವಾರಸ್ಯದ ದಾರಿಯೂ ಇದೆ: ಮಂತ್ರಗಳು ಎಂದಿನಂತೆ ಸಿಗುತ್ತಲೇ ಇರಲಿ, ಆದರೆ ಅವುಗಳನ್ನು ಈಗ ಕೊಡುತ್ತಿರುವವರು ಬೇರೆ ಯಾರೋ ಎಂಬುದು ಕ್ಲೆರಿಕ್‌ಗೆ ಮೂರು ತಿಂಗಳ ನಂತರ ತಿಳಿಯಲಿ. ಹೊಸ ಭಕ್ತರಿಗಾಗಿ ಹಸಿದಿರುವ ದೇವರುಗಳ ಲೋಕದಲ್ಲಿ ಇದು ಸಹಜವೇ.

ದೇವರನ್ನು ಪಾತ್ರವಾಗಿ ಉಳಿಸಿಕೊಳ್ಳಲು 2014ರ ನಿಯಮಗಳಲ್ಲಿ ಒಂದು ಅವಕಾಶವಿತ್ತು. ಹತ್ತನೆಯ ಹಂತದ ಕ್ಲೆರಿಕ್ ದೇವರನ್ನು ನೇರವಾಗಿ ಕರೆಯಬಹುದು. ನೂರರ ದಾಳದಲ್ಲಿ ತನ್ನ ಹಂತದಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರಷ್ಟೇ ದೇವರು ಬರುತ್ತಾನೆ, ಅಂದರೆ ನೂರಕ್ಕೆ ಹತ್ತರಷ್ಟು ಅವಕಾಶ. ಬಂದು ಏನು ಮಾಡುತ್ತಾನೆ ಎಂಬುದು ಡಿಎಂಗೆ ಬಿಟ್ಟದ್ದು, ಮತ್ತೆ ಏಳು ದಿನ ಕರೆಯುವಂತಿಲ್ಲ. 2024ರ ಹೊಸ ನಿಯಮದಲ್ಲಿ ದಾಳವಿಲ್ಲ. ಐದನೆಯ ಮಟ್ಟದವರೆಗಿನ ಒಂದು ಕ್ಲೆರಿಕ್ ಮಂತ್ರ ಖರ್ಚಿಲ್ಲದೆ ಸಿಗುತ್ತದೆ, ನಲ್ಲಿ ತಿರುಗಿಸಿದರೆ ನೀರು ಬಂದಂತೆ. ಆಟಗಾರರಿಗೆ ಅನುಕೂಲ, ಒಪ್ಪುತ್ತೇನೆ. ಆದರೂ ನಿಮ್ಮ ಮೇಜಿನಲ್ಲಿ ಹಳೆಯ ದಾಳವನ್ನೇ ಉಳಿಸಿಕೊಳ್ಳಿ ಎಂದು ನನ್ನ ಸಲಹೆ. ಹತ್ತರಲ್ಲಿ ಒಂಬತ್ತು ಸಲ ಸುಮ್ಮನಿರುವ ದೇವರು ಹತ್ತನೆಯ ಸಲ ಮಾತಾಡಿದಾಗ ಮೇಜಿನ ಸುತ್ತ ಇರುವವರೆಲ್ಲ ಮೊಬೈಲನ್ನು ಕೆಳಗಿಡುತ್ತಾರೆ.

ಪ್ರಶ್ನೆ: ದೇವರುಗಳೇ ಇಲ್ಲದ ಅಥವಾ ಇದ್ದಾರೋ ಇಲ್ಲವೋ ತಿಳಿಯದ ಲೋಕಗಳೂ ಈ ಆಟದಲ್ಲಿ ಇವೆಯೇ? (ಕಲಬುರಗಿಯ ಓದುಗಿ)

ಉತ್ತರ: ಇವೆ. 1984ರ ಡ್ರಾಗನ್‌ಲ್ಯಾನ್ಸ್‌ನಲ್ಲಿ ದೇವರುಗಳು ಮಹಾಪ್ರಳಯದ ನಂತರ ಮುನ್ನೂರಕ್ಕೂ ಹೆಚ್ಚು ವರ್ಷ ಕಾಣೆಯಾಗಿರುತ್ತಾರೆ. ಗೋಲ್ಡ್‌ಮೂನ್ ಎಂಬ ಬುಡಕಟ್ಟಿನ ಮಹಿಳೆ ವಾಸಿ ಮಾಡುವ ಶಕ್ತಿಯನ್ನು ಮರಳಿ ತರುವುದರಿಂದಲೇ ಕಥೆ ಆರಂಭವಾಗುತ್ತದೆ. 1991ರ ಡಾರ್ಕ್ ಸನ್ ಮರುಭೂಮಿಯ ಲೋಕ. ಅಲ್ಲಿ ದೇವರಿಲ್ಲ, ಪೂಜಾರಿಗಳು ನೀರು, ಬೆಂಕಿ, ಗಾಳಿ, ಮಣ್ಣಿನಿಂದ ಶಕ್ತಿ ಪಡೆಯುತ್ತಾರೆ, ಟೆಂಪ್ಲರ್ ಎಂಬ ಅಧಿಕಾರಿಗಳು ನಗರವನ್ನಾಳುವ ಮಾಂತ್ರಿಕ ರಾಜನಿಂದ ಪಡೆಯುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಕೀತ್ ಬೇಕರ್ ಅವರ ಎಬೆರಾನ್. ಪ್ರಕಾಶಕರು 2002ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಆಯ್ಕೆಯಾಗಿ 2004ರಲ್ಲಿ ಪ್ರಕಟವಾದ ಈ ಲೋಕದಲ್ಲಿ ಯಾವ ದೇವರೂ ಎದುರು ಬಂದು ನಿಲ್ಲುವುದಿಲ್ಲ. ಕ್ಲೆರಿಕ್‌ಗಳಿಗೆ ಮಂತ್ರ ಸಿಗುತ್ತದೆ, ಆದರೆ ಅದು ದೇವರಿಂದ ಬಂದದ್ದೋ ನಂಬಿಕೆಯಿಂದಲೇ ಹುಟ್ಟಿದ್ದೋ ಯಾರೂ ಸಾಬೀತು ಮಾಡಲಾರರು. ಬೆಳ್ಳಿಯ ಜ್ವಾಲೆಯನ್ನು ಆರಾಧಿಸುವ ಪಂಥದ ಮುಖ್ಯಸ್ಥೆ ಒಬ್ಬ ಪುಟ್ಟ ಬಾಲಕಿ, ನಿಷ್ಕಲ್ಮಶ ಮನಸ್ಸಿನವಳು. ಅದೇ ಪಂಥದ ಹಿರಿಯರಲ್ಲಿ ಭ್ರಷ್ಟರೂ ಇದ್ದಾರೆ, ಅವರ ಮಂತ್ರಗಳೂ ತಪ್ಪದೆ ಫಲಿಸುತ್ತವೆ. ದೇವರನ್ನು ಕಂಡು ಮಾತಾಡಿಸಬಹುದಾದ ಫರ್ಗಾಟನ್ ರೆಲ್ಮ್ಸ್‌ನಲ್ಲಿ ನಂಬಿಕೆಗೆ ಕೆಲಸವೇ ಕಡಿಮೆ, ಅಲ್ಲಿ ಇರುವುದು ನಿಷ್ಠೆಯ ಪ್ರಶ್ನೆ. ಎಬೆರಾನ್‌ನಲ್ಲಿ ಮಾತ್ರ ಪೂಜಾರಿಯೊಬ್ಬ ತನ್ನ ಮಂತ್ರ ಫಲಿಸಿದ ಮೇಲೂ ರಾತ್ರಿ ಸಂಶಯಪಡುತ್ತಾ ಮಲಗಬಹುದು.

ಪ್ರಶ್ನೆ: ನಮ್ಮ ಪುರಾಣಗಳಲ್ಲಿ ಅಸುರರು ತಪಸ್ಸು ಮಾಡಿ ವರ ಪಡೆಯುತ್ತಾರೆ. ಈ ಆಟದ ನಿಯಮಗಳಲ್ಲಿ ಅದನ್ನು ತರಬಹುದೇ? (ಧಾರವಾಡದ ಡಿಎಂ)

ಉತ್ತರ: ತರಬಹುದು, ಆದರೆ ಕ್ಲೆರಿಕ್ ಮೂಲಕ ಅಲ್ಲ. ಕ್ಲೆರಿಕ್‌ನದು ದಿನನಿತ್ಯದ ಸೇವೆ. ಇಂದಿನ ಮಂತ್ರ ಇಂದಿಗೆ ಮುಗಿಯುತ್ತದೆ, ದೇವರು ಮುನಿದರೆ ನಾಳೆಯದು ಇಲ್ಲ. ತಪಸ್ಸಿನ ತರ್ಕವೇ ಬೇರೆ. ಹಿರಣ್ಯಕಶಿಪು ಬ್ರಹ್ಮನಿಗೆ ಬೇಕಾದವನಾಗಿರಲಿಲ್ಲ. ಆದರೂ ತಪಸ್ಸಿನ ಅಳತೆ ತುಂಬಿದ್ದರಿಂದ ಬ್ರಹ್ಮ ವರ ಕೊಡಲೇಬೇಕಾಯಿತು, ಕೊಟ್ಟ ಮೇಲೆ ಹಿಂಪಡೆಯುವಂತೆಯೂ ಇರಲಿಲ್ಲ. ಭಸ್ಮಾಸುರನ ಪ್ರಸಂಗದಲ್ಲಂತೂ ವರ ಕೊಟ್ಟ ಶಿವನೇ ಓಡಬೇಕಾಯಿತು. ಭಕ್ತರಿಗಾಗಿ ಹಸಿದ, ಫರ್ಗಾಟನ್ ರೆಲ್ಮ್ಸ್‌ನ ಫೇರೂನ್ ಖಂಡದ ದೇವರುಗಳಿಗೆ ಇಂಥ ಪೇಚು ಒದಗುವುದಿಲ್ಲ, ಅವರು ತಮಗೆ ಲಾಭವಿಲ್ಲದವನಿಗೆ ಕೊಡುವುದೇ ಇಲ್ಲ. ಶಕ್ತಿಗಾಗಿ ಒಪ್ಪಂದ ಮಾಡಿಕೊಳ್ಳುವ ವಾರ್ಲಾಕ್ ಪಾತ್ರ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅಲ್ಲಿ ಶಕ್ತಿ ಕೊಟ್ಟವನಿಗೂ ಪ್ರತಿಫಲ ಸಲ್ಲಬೇಕು. ತಪಸ್ವಿ ತನ್ನ ಬೆಲೆಯನ್ನು ಮೊದಲೇ ತೆತ್ತುಬಿಟ್ಟಿರುತ್ತಾನೆ.

ಆದ್ದರಿಂದ ವರವನ್ನು ಆಟಗಾರರಿಗೆ ಕೊಡುವುದಕ್ಕಿಂತ ನಿಮ್ಮ ಖಳನಾಯಕನಿಗೆ ಕೊಡಿ. 2014ರ ಡಿಎಂ ಕೈಪಿಡಿಯಲ್ಲಿ ದೇವರುಗಳು ಅನುಗ್ರಹಿಸುವ ಶಾಶ್ವತ ಕೊಡುಗೆಗಳ ಒಂದು ಭಾಗವಿದೆ, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ವರದ ಮಾತುಗಳನ್ನು ಪೂರ್ತಿಯಾಗಿ, ಯಾವುದರಿಂದ ಸಾವಿಲ್ಲ ಎಂಬುದನ್ನು ಒಂದೊಂದಾಗಿ ಹೆಸರಿಸಿ ಬರೆದು, ಆ ಹಾಳೆಯನ್ನು ಯಾವುದೋ ಹಾಳುಗುಡಿಯ ಶಾಸನದ ರೂಪದಲ್ಲಿ ಆಟಗಾರರ ಕೈಗೆ ಸಿಗುವಂತೆ ಮಾಡಿ. ಅದರಲ್ಲಿರುವ ಸಂದು ಯಾವುದು ಎಂದು ನೀವು ಮೊದಲೇ ತೀರ್ಮಾನಿಸಬೇಡಿ. ಆಟಗಾರರು ಹುಡುಕಿ ತಂದ ಸಂದು ಬರೆದ ಮಾತಿಗೆ ನಿಜವಾಗಿಯೂ ಹೊಂದಿದರೆ, ಅದು ನಿಮಗೆ ಹೊಳೆಯದಿದ್ದದ್ದಾದರೂ ಒಪ್ಪಿಕೊಳ್ಳಿ.